ಹೋರಾಟದ ಹಾಡಿನಲ್ಲಿ ‘ನನ್ನ’ ಎಂದರೆ ಯಾರು?

ಕೆಲವು ತಿಂಗಳ ಹಿಂದೆ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಬಿ.ಎ. ಓದುವ ಹುಡುಗಿಯೊಬ್ಬಳು ಸಿದ್ದಲಿಂಗಯ್ಯನವರ ‘ನನ್ನ ಜನಗಳು’ ಹಾಡಿದಳು. ಮೊಬೈಲಿನಿಂದ ಕರೋಕೆ ಟ್ರ್ಯಾಕ್ ಹಾಕಿದ್ದರು. ನಡುನಡುವೆ ಕೊಳಲು, ಕೀಬೋರ್ಡು ಬರುತ್ತಿದ್ದವು. ಹುಡುಗಿಯ ಕಂಠ ಚೆನ್ನಾಗಿತ್ತು, ಶ್ರುತಿ ಎಲ್ಲೂ ತಪ್ಪಲಿಲ್ಲ. ಹಾಡು ಮುಗಿದ ಮೇಲೆ ನಿರೂಪಕರು ಸುಮಧುರ ಭಾವಗೀತೆಯೆಂದು ಹೊಗಳಿದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಅಷ್ಟು ದೊಡ್ಡ ಸಭಾಂಗಣದಲ್ಲಿ ಒಬ್ಬರೂ ಅವಳ ಜೊತೆ ದನಿಗೂಡಿಸಲಿಲ್ಲ. ನಾನೂ ಗೂಡಿಸಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಇದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹಾಡಿದವಳದೇನೂ ತಪ್ಪಿಲ್ಲ. ತಪ್ಪು ಕೇಳಿದವರದು. ಅರ್ಧ ಹಾಡನ್ನು ಹಾಡಬೇಕಾದವರು ನಾವು, ಹಾಡದೆ ಸುಮ್ಮನೆ ಕೂತಿದ್ದೆವು.

ಚಳವಳಿಯ ಹಾಡುಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ರೂಢಿಯಲ್ಲಿದೆ. ಮೊದಲನೆಯದು ಅಭಿಮಾನದ ಮಾತು: ಹಾಡು ಜನರನ್ನು ಬಡಿದೆಬ್ಬಿಸಿತು, ಕ್ರಾಂತಿಯ ಕಿಡಿ ಹೊತ್ತಿಸಿತು. ಇನ್ನೊಂದು ಆಕ್ಷೇಪದ ಮಾತು: ಇದು ಘೋಷಣೆ, ಕಾವ್ಯವಲ್ಲ, ಹೇಳಿದ್ದನ್ನೇ ಹೇಳುತ್ತದೆ, ಸೂಕ್ಷ್ಮವಿಲ್ಲ. ಮೇಲ್ನೋಟಕ್ಕೆ ಎರಡೂ ಎದುರುಬದುರು. ಆದರೆ ಎರಡೂ ಹಾಡನ್ನು ಹಾಡಾಗಿ ನೋಡುವುದಿಲ್ಲ. ಒಂದು ಅದರ ಪರಿಣಾಮವನ್ನು ಮಾತ್ರ ನೋಡುತ್ತದೆ, ಇನ್ನೊಂದು ಪುಟದ ಮೇಲಿನ ಅಕ್ಷರವನ್ನು ಮಾತ್ರ. ಆ ಹಾಡುಗಳನ್ನು ಯಾರು ಹಾಡಿದರು, ಹೇಗೆ ಹಾಡಿದರು, ಹಾಡುವಾಗ ‘ನನ್ನ’ ಎಂಬ ಮಾತು ಯಾರ ಬಾಯಲ್ಲಿತ್ತು ಎಂದು ಕೇಳಿದರೆ ಅವುಗಳ ಕುಶಲತೆ ಎಲ್ಲಿದೆಯೆಂದು ಕಾಣುತ್ತದೆ.

ಸಂದರ್ಭವನ್ನು ಸ್ವಲ್ಪ ನೆನೆಯೋಣ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ರಾಜ್ಯದಲ್ಲಿ ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕಡೆಗೆ ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆ ಬಿಸಿಯಲ್ಲೇ ಬಿ. ಕೃಷ್ಣಪ್ಪ ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಸಿದ್ದಲಿಂಗಯ್ಯನವರಿಗೆ ಆಗ 21 ವರ್ಷ. ‘ಸಮುದಾಯ’ ರಂಗತಂಡ ಹುಟ್ಟಿದ್ದೂ ಅದೇ ವರ್ಷ. ಬಂಡಾಯ ಸಾಹಿತ್ಯ ಸಂಘಟನೆ 1979ರಲ್ಲಿ ಬಂತು. ಕಾವ್ಯವೆಂದರೆ ಒಬ್ಬನೇ ಕೂತು ಮೌನವಾಗಿ ಓದುವುದು ಎಂದು ನವ್ಯ ನಮಗೆ ಕಲಿಸಿತ್ತು. ಆ ಕಾಲದಲ್ಲಿ ಒಂದು ಕವನಸಂಕಲನ ತನ್ನನ್ನು ‘ಹಾಡು’ ಎಂದು ಕರೆದುಕೊಂಡಿತು. ಇದು ಬರೀ ವಿನಯದ ಹೆಸರಲ್ಲ, ಈ ಪುಸ್ತಕವನ್ನು ಹೇಗೆ ಬಳಸಬೇಕು ಎಂಬುದನ್ನೂ ಆ ಹೆಸರು ಹೇಳುತ್ತದೆ.

ಈಗ ‘ನನ್ನ ಜನಗಳು’ ಪದ್ಯದ ಕಟ್ಟಡ ನೋಡಿ. ಅದೊಂದು ಪಟ್ಟಿ. ಹಸಿದವರು, ಹೊರೆ ಹೊತ್ತವರು, ಏಟು ತಿಂದವರು, ಉತ್ತು ಬಿತ್ತವರು, ಬೇರೆಯವರ ಮನೆ ಕಟ್ಟಿದವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಕವಿ ಗ್ರಾಂಥಿಕದ ‘ಅವರು’ ಬಿಟ್ಟು ಆಡುಮಾತಿನ ‘ಓರು’ ಎಂಬ ಕೊನೆಯನ್ನು ಹಿಡಿದಿದ್ದಾರೆ. ಸಾಲು ಸಾಲಿಗೂ ಆ ಒಂದೇ ಸದ್ದು ಬೀಳುತ್ತದೆ, ಕೆಲಸ ಮಾಡುವವರ ಉಸಿರಿನ ಹಾಗೆ. ಈ ಸಾಲುಗಳಲ್ಲಿ ಪೂರ್ಣ ಕ್ರಿಯಾಪದವೇ ಇಲ್ಲ. ಯಾರು ಇವರೆಲ್ಲ ಎಂದು ಕಿವಿ ಕಾಯುತ್ತಿರುತ್ತದೆ, ಆಗ ಶೀರ್ಷಿಕೆಯ ಆ ಎರಡು ಪದಗಳು ಬಂದು ವಾಕ್ಯವನ್ನು ಮುಗಿಸುತ್ತವೆ. ಮತ್ತೆ ಪಟ್ಟಿ, ಮತ್ತೆ ಅದೇ ಮುಕ್ತಾಯ. ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೂ ವಾಕ್ಯ ನಿಲ್ಲುತ್ತದೆ. ಆ ಅನುಕೂಲವನ್ನು ಕವಿ ಪೂರ್ತಿ ಬಳಸಿಕೊಂಡಿದ್ದಾರೆ.

ಪುಟದ ಮೇಲೆ ಓದಿದರೆ ಇದು ಪುನರಾವರ್ತನೆ. ಗುಂಪಿನಲ್ಲಿ ಹಾಡಿದರೆ ಇದೇ ಹಾಡಿನ ಜೀವ. ಮುಂದೆ ನಿಂತವನು ಪಟ್ಟಿ ಹೇಳುತ್ತಾನೆ, ಹಿಂದಿನವರು ಮುಕ್ತಾಯದ ಮಾತನ್ನು ಎತ್ತಿಕೊಳ್ಳುತ್ತಾರೆ. ಓದು ಬಾರದವರೂ ಎರಡನೆಯ ಸಲಕ್ಕೆ ಸೇರಿಕೊಳ್ಳಬಹುದು, ಅವರು ನೆನಪಿಡಬೇಕಾದದ್ದು ಎರಡೇ ಪದ. ಅವರು ಹೇಳುವುದು ‘ನಾವು ಬಡವರು’ ಎಂದಲ್ಲ, ‘ಅಯ್ಯೋ ಪಾಪ, ಅವರು’ ಎಂದಂತೂ ಅಲ್ಲ. ಪ್ರತಿಯೊಬ್ಬರೂ ತಮ್ಮ ಬಾಯಾರೆ ‘ನನ್ನ’ ಎನ್ನಬೇಕು. ಹಾಗೆನ್ನುವ ಹೊತ್ತಿಗೆ ಅವರು ಆ ಪಟ್ಟಿಯೊಳಗೆ ನಿಂತಿರುತ್ತಾರೆ. ಪಟ್ಟಿ ಮಾಡುವುದು ಕವಿಯ ಕೆಲಸ, ಅದನ್ನು ತನ್ನದೆಂದು ಒಪ್ಪಿಕೊಳ್ಳುವುದು ಗುಂಪಿನ ಕೆಲಸ. ನಾಚಿಕೆಯಿಂದ ಮುಚ್ಚಿಟ್ಟುಕೊಂಡಿದ್ದ ಹುಟ್ಟನ್ನು ಸಾವಿರ ಜನರ ಎದುರು ಗಟ್ಟಿಯಾಗಿ ಹೇಳಿಕೊಳ್ಳುವುದು 1975ರಲ್ಲಿ ಸಣ್ಣ ಮಾತಾಗಿರಲಿಲ್ಲ.

ಕವಿಗೆ ಈ ‘ನನ್ನ’ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ‘ಊರು ಕೇರಿ’ ಆತ್ಮಕಥೆಯ ಮೊದಲ ಪುಟಗಳಿಗೆ ಹೋಗಬೇಕು. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುವ ದೃಶ್ಯವೊಂದು ಅಲ್ಲಿದೆ. ಹಾಗೆ ನೊಗ ಹೊತ್ತವರಲ್ಲಿ ಒಬ್ಬರು ಆ ಹುಡುಗನ ಅಪ್ಪ. ಅದನ್ನು ಓದಿದ ಮೇಲೆ ಪಟ್ಟಿಯಲ್ಲಿ ಬರುವ ಉಳುವವರು ಒಂದು ವರ್ಗದ ಹೆಸರಾಗಿ ಮಾತ್ರ ಉಳಿಯುವುದಿಲ್ಲ.

ಇದಕ್ಕೆ ಎದುರಾಗಿ ನಮ್ಮ ಸುಗಮ ಸಂಗೀತವನ್ನು ಇಟ್ಟು ನೋಡಬಹುದು. ಭಾವಗೀತೆಯ ಪರಂಪರೆ ದೊಡ್ಡದು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರು ಕನ್ನಡ ಕಾವ್ಯವನ್ನು ಮನೆಮನೆಗೆ ತಂದರು. ಆದರೆ ಆ ಪ್ರಕಾರ ಕೇಳುಗರಿಗಾಗಿ ಇರುವುದು. ಪಳಗಿದ ಒಂದು ಕಂಠ, ನಡುವೆ ವಾದ್ಯಗಳ ತುಣುಕು, ಎದುರಿಗೆ ಕೂತು ತಲೆದೂಗುವವರು. ಹೋರಾಟದ ಹಾಡು ಹಾಡುವವರಿಗಾಗಿ ಇರುವುದು. ಅದರ ಧಾಟಿ ಐದಾರು ಸ್ವರಗಳೊಳಗೇ ಓಡಾಡುತ್ತದೆ, ಯಾಕೆಂದರೆ ಎಲ್ಲ ಗಂಟಲಿಗೂ ಅದು ಸಿಕ್ಕಬೇಕು. ಸಾಲು ಒಂದು ಉಸಿರಿನಷ್ಟು ಉದ್ದ, ಯಾಕೆಂದರೆ ನಡೆಯುತ್ತ ಹಾಡಬೇಕು. ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರಂಥವರು ಹಾಡಿದ್ದನ್ನು ಕೇಳಿದವರಿಗೆ ಗೊತ್ತು, ಅಲ್ಲಿ ಗಾಯಕ ಚೆನ್ನಾಗಿ ಹಾಡಿದ ಎನ್ನುವುದಕ್ಕಿಂತ ಗುಂಪು ಎತ್ತಿಕೊಂಡಿತೇ ಎನ್ನುವುದು ಮುಖ್ಯ. ಕರೋಕೆ ಟ್ರ್ಯಾಕಿನಲ್ಲಿ ಇಲ್ಲದಿರುವುದು ಇದೇ. ಗುಂಪು ಎತ್ತಿಕೊಳ್ಳಬೇಕಾದ ಜಾಗದಲ್ಲಿ ಅಲ್ಲಿ ಕೊಳಲು ಬರುತ್ತದೆ.

‘ನಾನು’ ಮತ್ತು ‘ನಾವು’ ಎಂಬ ಈ ಪ್ರಶ್ನೆ ನಮ್ಮಲ್ಲಷ್ಟೇ ಎದ್ದದ್ದಲ್ಲ. ಕನ್ನಡಕ್ಕೂ ಬಂದು ನಮ್ಮ ಶಾಲೆಗಳಲ್ಲಿ ಮಕ್ಕಳು ಹಾಡುವ ‘ವಿ ಶಲ್ ಓವರ್‌ಕಮ್’ ಮೂಲದಲ್ಲಿ ಅಮೆರಿಕದ ಕಪ್ಪುಜನರ ಚರ್ಚಿನ ಹಾಡು, ಅಲ್ಲಿ ಅದು ‘ನಾನು’ ಎಂದೇ ಇತ್ತು. 1945ರಲ್ಲಿ ಶುರುವಾದ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಕಾರ್ಮಿಕರು ಅದನ್ನು ಹಾಡಿದರು, ‘ನಾನು’ ಎಂಬುದು ‘ನಾವು’ ಆಯಿತು. ಅಲ್ಲಿಂದ ಹೈಲ್ಯಾಂಡರ್ ಜಾನಪದ ಶಾಲೆಗೆ, 1960ರ ಹೊತ್ತಿಗೆ ವಿದ್ಯಾರ್ಥಿ ಚಳವಳಿಗೆ ಬಂತು. ‘ನಾನು’ ಹೋಗಿ ‘ನಾವು’ ಬಂದದ್ದು ಪ್ರಗತಿ ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಫ್ರೀಡಂ ಸಿಂಗರ್ಸ್ ತಂಡದಲ್ಲಿ ಹಾಡಿ, ಮುಂದೆ ಇತಿಹಾಸಕಾರ್ತಿಯೂ ಆದ ಬರ್ನಿಸ್ ಜಾನ್ಸನ್ ರೀಗನ್ ಬೇರೆಯೇ ಮಾತು ಹೇಳಿದ್ದರು. ಕಪ್ಪುಜನರ ಪರಂಪರೆಯಲ್ಲಿ ಗುಂಪನ್ನು ಹೇಳುವ ಪದ ‘ನಾನು’ ಎಂಬುದೇ, ‘ನಾವು’ ಎಂದರೆ ಅದರಲ್ಲಿ ಯಾರು ನಿಲ್ಲುತ್ತಾರೋ ಭರವಸೆಯಿಲ್ಲ, ‘ನಾನು’ ಎಂದವನು ಮಾತ್ರ ಬಂದೇ ಬರುತ್ತಾನೆ ಎಂಬುದು ಅವರ ಮಾತಿನ ತಾತ್ಪರ್ಯ. ಸಿದ್ದಲಿಂಗಯ್ಯನವರ ‘ನನ್ನ’ ಕೂಡ ಇಂಥದೇ. ‘ನಮ್ಮ ಜನ’ ಎಂದಿದ್ದರೆ ಭಾಷಣಕಾರರೂ ಸುಲಭವಾಗಿ ಅದರಲ್ಲಿ ಸೇರಿಕೊಳ್ಳುತ್ತಿದ್ದರು. ‘ನನ್ನ’ ಎನ್ನಬೇಕಾದಾಗ ನಾಲಿಗೆ ಒಂದು ಕ್ಷಣ ತಡೆಯುತ್ತದೆ.

ಗುಂಪಿಲ್ಲದ ಸಂಗೀತ ಹೇಗಿರುತ್ತದೆ ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆಯಿದೆ. 1933ರಲ್ಲಿ ಬಂದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮ ಸಿಟ್ಟು ಬಂದರೂ ದುಡಿ ಬಾರಿಸುತ್ತಾನೆ, ಖುಷಿಯಾದರೂ ಬಾರಿಸುತ್ತಾನೆ. ಸ್ವಂತ ಹೊಲ ಬೇಕೆಂಬ ಅವನ ಆಸೆಯನ್ನು ಕೇಳಿಸಿಕೊಳ್ಳುವವರು ಯಾರೂ ಇಲ್ಲ. ದುಡಿ ಗುಡಿಸಲೊಳಗೆ ಮೊಳಗಿ, ಗುಡಿಸಲೊಳಗೇ ಅಡಗುತ್ತದೆ. ಬಿ.ವಿ. ಕಾರಂತರು ಆ ಕಾದಂಬರಿಯನ್ನು ಸಿನಿಮಾ ಮಾಡಿದ್ದು 1975ರಲ್ಲಿ, ‘ಹೊಲೆಮಾದಿಗರ ಹಾಡು’ ಬಂದ ವರ್ಷವೇ. ಚೋಮನಲ್ಲಿ ಸಂಗೀತಕ್ಕೇನೂ ಕೊರತೆಯಿರಲಿಲ್ಲ. ಇರದಿದ್ದದ್ದು ಮರುದನಿ. ಚೋಮನಿಗೆ ಸಿಗದ ಮರುದನಿಯನ್ನು ಎಪ್ಪತ್ತರ ದಶಕದ ಹಾಡುಗಳು ಕಟ್ಟಿಕೊಟ್ಟವು.

ಚರ್ಮವಾದ್ಯದ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಊರಿನಲ್ಲಿ ತಮಟೆ ಬಾರಿಸುವುದು ಬಹುಮಟ್ಟಿಗೆ ಮಾದಿಗರ ಮೇಲೆ ಹೊರಿಸಿದ ಬಿಟ್ಟಿ ಚಾಕರಿಯಾಗಿತ್ತು. ಜಾತ್ರೆಗೆ, ಮೆರವಣಿಗೆಗೆ, ಸಾವಿಗೆ, ಊರಲ್ಲಿ ಸುದ್ದಿ ಸಾರುವುದಕ್ಕೆ ಕರೆದಾಗ ಹೋಗಬೇಕು. ತಮಟೆ ದೇವರ ಮುಂದೆ ಬೇಕು, ಬಾರಿಸುವವನು ಗುಡಿಯೊಳಗೆ ಬರಬಾರದು. ಹಾಗಾಗಿ ಚಳವಳಿಯ ಮೊದಲ ಮಾತು ‘ಬಾರಿಸುವುದಿಲ್ಲ’ ಎಂಬುದಾಗಿತ್ತು. ಆ ನಿರಾಕರಣೆ ನ್ಯಾಯವಾದದ್ದು. ಆದರೆ ಅದೇ ತಮಟೆ ಚಳವಳಿಯ ಮೆರವಣಿಗೆಯ ಮುಂದೆಯೂ ಬಂತು. ಊರವರು ಕರೆದಾಗ ಬಾರಿಸಿದರೆ ಚಾಕರಿ, ನಾವಾಗಿ ಬಾರಿಸಿದರೆ ಹಾಡು. ವಾದ್ಯ ಒಂದೇ, ಬಾರಿಸುವ ಕೈಯೂ ಒಂದೇ. ಬೇಡ ಎನ್ನುವ ಹಕ್ಕು ಇದೆಯೋ ಇಲ್ಲವೋ ಎಂಬುದೊಂದೇ ವ್ಯತ್ಯಾಸ. 2023ರಲ್ಲಿ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ತಮಟೆ ಬಾರಿಸಲು ಒಪ್ಪದ ಕುಟುಂಬಗಳಿಗೆ ಬಹಿಷ್ಕಾರ ಹಾಕಿದ ಸುದ್ದಿಯೂ ನಮ್ಮ ಪತ್ರಿಕೆಗಳಲ್ಲಿ ನಿಂತಿಲ್ಲ. ಈ ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳದೆ ತಮಟೆಯನ್ನು ‘ನಮ್ಮ ಜಾನಪದ ಸಿರಿ’ ಎಂದು ಕೊಂಡಾಡುವುದರಲ್ಲಿ ಅರ್ಥವಿಲ್ಲ.

‘ಹೊಲೆಮಾದಿಗರ ಹಾಡು’ ಎಂಬ ಹೆಸರಿನಲ್ಲಿ ಇನ್ನೂ ಒಂದು ಮಾತಿದೆ. ಅದು ಎರಡು ಸಮುದಾಯಗಳ ಹೆಸರನ್ನು ಕೂಡಿಸಿ ಒಂದೇ ಪದ ಮಾಡುತ್ತದೆ, ಒಂದೇ ಹಾಡು ಕೊಡುತ್ತದೆ. ಆದರೆ ಹಾಡು ಕೂಡಿಸಿದ್ದನ್ನು ಬದುಕು ತಾನಾಗಿ ಕೂಡಿಸಲಿಲ್ಲ. ಒಳಮೀಸಲಾತಿಯ ಬೇಡಿಕೆ ದಶಕಗಳಿಂದ ಕೇಳಿದ್ದು ಇದನ್ನೇ: ನಿಮ್ಮ ‘ನನ್ನ’ ಎಂಬುದರೊಳಗೆ ನಾನು ಎಷ್ಟಿದ್ದೇನೆ? ಸದಾಶಿವ ಆಯೋಗ 2005ರಲ್ಲಿ ರಚನೆಯಾಗಿ 2012ರಲ್ಲಿ ವರದಿ ಕೊಟ್ಟಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ದಾರಿ ತೆರೆಯಿತು. ಆ ಹೋರಾಟದಲ್ಲಿಯೂ ತಮಟೆ ಮೊಳಗಿತು. ಇದನ್ನು ಹಾಡಿನ ಸೋಲು ಎಂದು ನಾನು ಓದುವುದಿಲ್ಲ. ಎಲ್ಲರ ಬಾಯಲ್ಲೂ ‘ನನ್ನ’ ಎನ್ನಿಸಿದ ಹಾಡು, ಆ ಮಾತಿನ ಲೆಕ್ಕ ಕೇಳುವ ಅಧಿಕಾರವನ್ನೂ ಎಲ್ಲರಿಗೂ ಕೊಟ್ಟಿರುತ್ತದೆ.

ಆಕ್ಷೇಪಕ್ಕೂ ಒಂದು ಮಾತು ಸಲ್ಲಬೇಕು. ಹೋರಾಟದ ಹಾಡುಗಳ ಹೆಸರಿನಲ್ಲಿ ಬಂದದ್ದೆಲ್ಲ ಒಳ್ಳೆಯದಲ್ಲ. ಕತ್ತಲು, ಬೆಳಕು, ಕಿಡಿ, ಕೆಂಪು ಸೂರ್ಯ ಎಂದು ಪದಗಳನ್ನು ಜೋಡಿಸಿದ ಎಷ್ಟೋ ಹಾಡುಗಳನ್ನು ಗುಂಪೇ ಮರೆತುಬಿಟ್ಟಿದೆ. ಗುಂಪು ಅಷ್ಟು ಸುಲಭಕ್ಕೆ ಒಪ್ಪುವ ವಿಮರ್ಶಕ ಅಲ್ಲ. ಉಳಿದ ಹಾಡುಗಳಲ್ಲಿ ಒಂದು ಸಮಾನ ಗುಣ ಕಾಣುತ್ತದೆ: ಅವು ಭಾವನೆಯ ಹೆಸರು ಹೇಳುವುದಿಲ್ಲ, ಮಾಡಿದ ಕೆಲಸದ ಹೆಸರು ಹೇಳುತ್ತವೆ. ‘ನೋವು’ ಎನ್ನುವ ಬದಲು ಹೊತ್ತ ಕಲ್ಲನ್ನು ತೋರಿಸುತ್ತವೆ. ಸೂಕ್ಷ್ಮ ಇಲ್ಲ ಎಂದವರಿಗೆ ಇದು ಕಾಣಬೇಕಿತ್ತು.

ಸಿದ್ದಲಿಂಗಯ್ಯನವರು 2021ರ ಜೂನ್ 11ರಂದು ತೀರಿಕೊಂಡರು. ಶಾಸನಸಭೆ, ಪ್ರಾಧಿಕಾರ, 2015ರ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಎಲ್ಲವನ್ನೂ ಕಂಡವರು. ಅವರ ನಂತರದ ನಿಲುವುಗಳ ಬಗ್ಗೆ ತಕರಾರುಗಳಿದ್ದವು, ಇರಲಿ. ಹಾಡು ಆಗಲೇ ಅವರ ಕೈ ದಾಟಿತ್ತು. ಅದನ್ನೀಗ ಕಾಪಾಡಬೇಕಾದವರು ಹಾಡುವವರು.

ಈ ಪದ್ಯಗಳನ್ನು ತರಗತಿಯಲ್ಲಿ ಪಾಠ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆ. ಸಾರಾಂಶ ಬರೆಸುವ ಮೊದಲು ಒಮ್ಮೆ ತರಗತಿಯನ್ನು ಎರಡು ಭಾಗ ಮಾಡಿ, ಒಬ್ಬರು ಪಟ್ಟಿ ಹೇಳಲಿ, ಉಳಿದವರು ಮುಕ್ತಾಯದ ಮಾತನ್ನು ಎತ್ತಿಕೊಳ್ಳಲಿ. ಯಾರ ದನಿ ತಾನಾಗಿ ಏರುತ್ತದೆ, ಯಾರದು ‘ನನ್ನ’ ಎನ್ನುವಲ್ಲಿ ತಡವರಿಸುತ್ತದೆ ಎಂದು ಕೇಳಿಸಿಕೊಳ್ಳಿ. ತಡವರಿಸಿದವರಿಗೂ ಅದೊಂದು ಪಾಠವೇ. ಆ ವಾರ್ಷಿಕೋತ್ಸವದ ಸಂಜೆ ನಾನು ಕಲಿಯಬೇಕಾಗಿದ್ದದ್ದೂ ಅದನ್ನೇ, ಆದರೆ ಚಪ್ಪಾಳೆ ತಟ್ಟಿ ಎದ್ದು ಬಂದುಬಿಟ್ಟೆ.