ಎರಡು ಮನೆಯ ಅಕ್ಷರಗಳು

ಇಮ್ಯಾಕ್ಸ್ ಎಂಬ ಹಳೆಯ ಪಠ್ಯ ಸಂಪಾದಕದ ಜೊತೆಯಲ್ಲಿ ‘ಹಲೋ’ ಎಂಬ ಹೆಸರಿನ ಚಿಕ್ಕ ಕಡತವೊಂದು ಬರುತ್ತದೆ. ಜಗತ್ತಿನ ಹತ್ತಾರು ಭಾಷೆಗಳ ವಂದನೆಯ ಮಾತುಗಳನ್ನು ಒಂದರ ಕೆಳಗೊಂದು ಸಾಲಾಗಿ ತೋರಿಸುವ ಆ ಕಡತದಲ್ಲಿ ಕೊರಿಯನ್, ಜಪಾನಿ, ಚೀನೀ ಸಾಲುಗಳಿರುವಂತೆ ಕನ್ನಡದ ‘ನಮಸ್ಕಾರ’ವೂ ಇದೆ. ಅಲಂಕಾರವಿಲ್ಲದ ಬರಿಯ ಪಠ್ಯವನ್ನು ಬರೆಯುವ, ತಿದ್ದುವ ತಂತ್ರಾಂಶವನ್ನೇ ಪಠ್ಯ ಸಂಪಾದಕ ಎನ್ನುವುದು. ಅದರ ಯೋಗ್ಯತೆಯನ್ನು ಅಳೆಯಲು ಈ ಒಂದು ಪುಟ ಸಾಕು. ಪೂರ್ವ ಏಷ್ಯಾದ ಲಿಪಿಗಳನ್ನು ತೋರಿಸುವಲ್ಲಿ ಸಂಪಾದಕಗಳು ಪಡೆದ ಯಶಸ್ಸು ನಿಜವಾದುದಾದರೂ ಆ ಯಶಸ್ಸಿನ ಮಾರ್ಗ ಕನ್ನಡಕ್ಕೆ ಒಗ್ಗುವಂಥದಲ್ಲ ಎಂಬುದು ಈ ಸಾಲುಗಳನ್ನು ಹೋಲಿಸಿ ನೋಡಿದವರಿಗೆ ಸ್ಪಷ್ಟವಾಗುತ್ತದೆ.

ಹಳೆಯ ಟರ್ಮಿನಲ್ ಪರದೆ, ಅಂದರೆ ಅಕ್ಷರಗಳನ್ನಷ್ಟೇ ತೋರಿಸುತ್ತಿದ್ದ ಗಣಕದ ತೆರೆ, ಚೌಕಾಬಾರದ ಹಾಸಿನಂತೆ ಸಮನಾದ ಮನೆಗಳಾಗಿ ಹಂಚಿಹೋಗಿತ್ತು. ಒಂದು ಸಾಲಿಗೆ ಸಾಮಾನ್ಯವಾಗಿ 80 ಮನೆ, ಮನೆಗೊಂದು ರೋಮನ್ ಅಕ್ಷರ. ಗೆರೆ ದಟ್ಟವಾದ ಚೀನೀ ಚಿಹ್ನೆಯಾಗಲಿ ಹಂಗುಲ್ ಎಂಬ ಕೊರಿಯನ್ ಲಿಪಿಯ ಅಕ್ಷರಗುಚ್ಛವಾಗಲಿ ಅಷ್ಟು ಕಿರಿದಾದ ಮನೆಯಲ್ಲಿ ಹಿಡಿಸದ ಕಾರಣ ಅದಕ್ಕೆ ಅಕ್ಕಪಕ್ಕದ ಎರಡು ಮನೆಗಳನ್ನು ಕೊಡುವ ಪದ್ಧತಿ ಬಂತು. ಕೊರಿಯಾದ 1987ರ ಸಂಕೇತ ಮಾನದಂಡವು ಹಂಗುಲ್ ಗುಚ್ಛವೊಂದನ್ನು ಎರಡು ಬೈಟ್‌ಗಳಲ್ಲಿ, ಅಂದರೆ ಸ್ಮೃತಿಯ ಎರಡು ಕಿರು ಘಟಕಗಳಲ್ಲಿ, ಬರೆದಿಡುತ್ತಿತ್ತು. ಹೀಗೆ ಎರಡು ಬೈಟ್‌ಗೆ ಎರಡು ಮನೆ ಸರಿಹೊಂದಿದ್ದರಿಂದ ಹಳೆಯ ತಂತ್ರಾಂಶದ ಲೆಕ್ಕಾಚಾರ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಮಾನದಂಡವಾದ ಯೂನಿಕೋಡ್ ಬಂದ ಮೇಲೆ ಈ ಹೊಂದಾಣಿಕೆ ತಪ್ಪಿದರೂ ‘ಪೂರ್ವ ಏಷ್ಯಾ ಅಗಲ’ ಎಂಬ ಗುಣಲಕ್ಷಣವನ್ನು ಅದರ 11ನೆಯ ಅನುಬಂಧದಲ್ಲಿ ಸೇರಿಸಿ, ಯಾವ ಅಕ್ಷರಕ್ಕೆ ಎಷ್ಟು ಮನೆ ಎಂಬುದನ್ನು ಪಟ್ಟಿಯಾಗಿಸಲಾಯಿತು.

ಹಂಗುಲ್‌ನ ಮಟ್ಟಿಗೆ ಈ ಪರಿಹಾರ ಹೊಂದಿಕೊಳ್ಳುವುದಕ್ಕೆ ಆ ಲಿಪಿಯ ರಚನೆಯೇ ಕಾರಣ. ಅಲ್ಲಿ 19 ಆದಿ ವ್ಯಂಜನ, 21 ಸ್ವರ, ‘ಏನೂ ಇಲ್ಲ’ ಎಂಬುದನ್ನೂ ಸೇರಿಸಿ 28 ಅಂತ್ಯಗಳು ಕೂಡಿ 11,172 ಗುಚ್ಛಗಳಾಗುತ್ತವೆ. ಒಂದೊಂದೂ ಒಂದೇ ಅಳತೆಯ ಚೌಕದಲ್ಲಿ ಕೂರುತ್ತದೆ. 1987ರ ಮಾನದಂಡ ಇವುಗಳಲ್ಲಿ 2,350ಕ್ಕೆ ಮಾತ್ರ ಜಾಗ ಕೊಟ್ಟಿದ್ದರೆ, 1996ರ ಯೂನಿಕೋಡ್ 2.0 ಅಷ್ಟಕ್ಕೂ ಪ್ರತ್ಯೇಕ ಸಂಖ್ಯೆ ನೀಡಿತು. ಸಂಪಾದಕ ತನ್ನೊಳಗೆ ಏನನ್ನೂ ಜೋಡಿಸಬೇಕಿಲ್ಲ. ಸಿದ್ಧವಾದ ಗುಚ್ಛವನ್ನು ಅಕ್ಷರಶೈಲಿಯಿಂದ, ಅಂದರೆ ಫಾಂಟ್‌ನಿಂದ, ಎತ್ತಿ ಎರಡು ಮನೆಗಳಲ್ಲಿ ಇಟ್ಟರೆ ಕೆಲಸ ಮುಗಿಯಿತು.

ಕನ್ನಡದ ಗುಚ್ಛಕ್ಕೆ ಇಂಥ ಗೊತ್ತಾದ ಅಗಲವಿಲ್ಲ. ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರನ್ನು ಒಂದರ ಕೆಳಗೊಂದು ಬರೆದು, ಮುಂದೆ ಅಂಕಿಗಳನ್ನು ಒಂದೇ ನೇರಕ್ಕೆ ತರುವ ಸರಳ ಕೆಲಸದಲ್ಲೇ ಇದು ಕಾಣುತ್ತದೆ. ‘ಕೋಲಾರ’ದಲ್ಲಿ ಕಣ್ಣಿಗೆ ಕಾಣುವುದು 3 ಅಕ್ಷರ, ಯೂನಿಕೋಡ್ ಸಂಕೇತಗಳು 5, ‘ಮಾಲೂರು’ 3 ಮತ್ತು 6, ‘ಮುಳಬಾಗಿಲು’ 5 ಮತ್ತು 9, ‘ಶ್ರೀನಿವಾಸಪುರ’ 6 ಮತ್ತು 12. ಸಂಕೇತಗಳನ್ನು ಎಣಿಸುವ ಸಂಪಾದಕ ಒಂದು ನೇರವನ್ನು ಹಿಡಿದರೆ, ಅಕ್ಷರಗಳನ್ನು ಎಣಿಸುವುದು ಇನ್ನೊಂದನ್ನು ಹಿಡಿಯುತ್ತದೆ, ಕಣ್ಣು ಬಯಸುವುದು ಮೂರನೆಯದನ್ನು. ಏಕೆಂದರೆ ‘ಶ್ರೀ’ಯಷ್ಟು ಅಗಲ ‘ರ’ಕ್ಕೆ ಬೇಕಿಲ್ಲ, ‘ರ’ದಷ್ಟು ‘ಶ್ರೀ’ಗೆ ಸಾಲದು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ದಿನಬಳಕೆಯಲ್ಲಿರುವ ತೆಲುಗಿನ ಸ್ಥಿತಿಯೂ ಇದೇ.

ವಿಂಡೋಸ್ ಎಕ್ಸ್‌ಪಿಯ ಭಾಷಾ ಆಯ್ಕೆಗಳ ಕಿಟಕಿಯಲ್ಲಿ ಗುರುತು ಹಾಕಬೇಕಾದ ಎರಡು ಚೌಕಗಳಿದ್ದವು: ಒಂದು ಸಂಕೀರ್ಣ ಲಿಪಿಗಳಿಗೆ, ಇನ್ನೊಂದು ಪೂರ್ವ ಏಷ್ಯಾದ ಭಾಷೆಗಳಿಗೆ. ಕನ್ನಡ ಮೊದಲನೆಯದರಲ್ಲಿ, ಕೊರಿಯನ್ ಎರಡನೆಯದರಲ್ಲಿ. ಈ ವಿಂಗಡಣೆ ತಾಂತ್ರಿಕವಾಗಿ ಸರಿಯಾದುದೇ ಆಗಿತ್ತು. ಪೂರ್ವ ಏಷ್ಯಾದ ಲಿಪಿಗಳಿಗೆ ಮುಖ್ಯವಾಗಿ ಬೇಕಾದುದು ದೊಡ್ಡ ಫಾಂಟ್‌ಗಳ ದಾಸ್ತಾನು; ಕನ್ನಡಕ್ಕೆ ಬೇಕಾದುದು ಒತ್ತಕ್ಷರವನ್ನು ಕೆಳಗಿಳಿಸುವ, ಅರ್ಕಾವತ್ತನ್ನು ವ್ಯಂಜನದ ಬಲಕ್ಕೆ ಸಾಗಿಸುವ ಜೋಡಣೆಯ ತರ್ಕ. ಮೊದಲನೆಯ ಕೊರತೆ ಪರದೆಯ ಮೇಲೆ ಖಾಲಿ ಡಬ್ಬಿಗಳಾಗಿ ಎದ್ದು ಕಾಣುತ್ತದೆ, ಹಾಗಾಗಿ ಬೇಗ ದೂರು ಬಂದು ಪರಿಹಾರವೂ ಆಗುತ್ತದೆ. ಎರಡನೆಯದು ಹರಿದ ಒತ್ತಕ್ಷರವಾಗಿ ಕಾಣಿಸಿಕೊಂಡಾಗ ಲಿಪಿ ತಿಳಿಯದ ತಂತ್ರಜ್ಞನಿಗೆ ಅದು ದೋಷವೆಂದೇ ಹೊಳೆಯುವುದಿಲ್ಲ.

ವಿಮ್ ಎಂಬ ಸಂಪಾದಕದಲ್ಲಿ ಈ ಅಸಮತೆ ನಿಚ್ಚಳವಾಗಿದೆ. ಅಗಲ ಅಕ್ಷರಗಳಿಗೆಂದೇ ಬೇರೆ ಫಾಂಟ್ ಆರಿಸಲು ಅಲ್ಲಿ ಒಂದು ಆಯ್ಕೆಯಿದೆ, ಅಗಲ ಸಂದಿಗ್ಧವಾದ ಚಿಹ್ನೆಗಳಿಗೆ ಮತ್ತೊಂದಿದೆ, ಅರಬ್ಬಿಗೂ ಪ್ರತ್ಯೇಕ ಏರ್ಪಾಡಿದೆ; ಭಾರತೀಯ ಲಿಪಿಗಳಿಗೆ ಅಂಥದೊಂದಿಲ್ಲ. ಇಮ್ಯಾಕ್ಸ್‌ನ ದಾರಿ ಹೆಚ್ಚು ಉದಾರವಾದುದು. ಜಪಾನಿನ ತ್ಸುಕುಬಾದಲ್ಲಿದ್ದ ಸರ್ಕಾರಿ ಪ್ರಯೋಗಾಲಯದಲ್ಲಿ ಕೆನಿಚಿ ಹಾಂಡಾ ಮೊದಲಾದವರು ಬೆಳೆಸಿದ ‘ಮ್ಯೂಲ್’ ಎಂಬ ಬಹುಭಾಷಾ ವಿಸ್ತರಣೆ 1997ರ 20ನೆಯ ಆವೃತ್ತಿಯಲ್ಲಿ ಮೂಲ ತಂತ್ರಾಂಶದೊಳಕ್ಕೆ ಸೇರಿತು. 2020ರಲ್ಲಿ ಹಾರ್ಫ್‌ಬಜ಼್ ಎಂಬ ಅಕ್ಷರ ಜೋಡಣೆಯ ಯಂತ್ರವೂ ಬಂದ ಮೇಲೆ ‘ನಮಸ್ಕಾರ’ದ ಸ್ಕಾ ಸರಿಯಾದ ರೂಪದಲ್ಲಿ ಮೂಡುತ್ತದೆ. ಪೂರ್ವ ಏಷ್ಯಾದವರು ತಮ್ಮ ಅಗತ್ಯಕ್ಕೆ ಆರಂಭಿಸಿದ ಕೆಲಸ ಅವರ ಲಿಪಿಗಳಲ್ಲೇ ನಿಲ್ಲದೆ ಕನ್ನಡದವರೆಗೂ ಬಂದದ್ದಕ್ಕೆ ಕನ್ನಡಿಗರು ಮನಸಾರೆ ಋಣಿಗಳಾಗಿರಬೇಕು.

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಜಪಾನಿನ ಹೋಂಡಾ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆ 2013ರಿಂದ ನಡೆಯುತ್ತಿದೆ. ಅಲ್ಲೇ ತೈವಾನಿನ ವಿಸ್ಟ್ರಾನ್ ಕಂಪನಿ ಕಟ್ಟಿದ ಫೋನ್ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹಕ್ಕೆ ಸೇರಿತು. ಇಂಥ ನೆಲದಲ್ಲಿ ಕನ್ನಡದ ಹೆಸರೂ ಚೀನೀ ಅಥವಾ ಜಪಾನಿ ಪದವೂ ಒಂದೇ ಸಾಲಿನಲ್ಲಿ ಬರುವ ಕಡತವನ್ನು ಬರಿಯ ಊಹೆ ಎಂದು ತಳ್ಳಿಹಾಕಲಾಗದು. ಅಂಥ ಸಾಲಿನಲ್ಲಿ ಮನೆಗಳ ಲೆಕ್ಕವನ್ನೇ ನೆಚ್ಚಿದ ಸಂಪಾದಕ ಸೋಲುತ್ತದೆ. ಜೋಡಣೆ ಮುಗಿದ ಮೇಲೆ ಗುಚ್ಛದ ನಿಜವಾದ ಅಗಲವನ್ನು ಅಳೆದು, ಅಂಕಣಗಳನ್ನು ಅದಕ್ಕೆ ತಕ್ಕಂತೆ ಸರಿಸುವ ಸಂಪಾದಕವಷ್ಟೇ ಎರಡೂ ಲಿಪಿಗಳಿಗೆ ನ್ಯಾಯ ಒದಗಿಸಬಲ್ಲದು. ಕನ್ನಡಕ್ಕೂ ಎರಡು ಮನೆ ಕೊಟ್ಟರೆ ಸಾಕೆಂಬ ಸಲಹೆಯನ್ನು ಆದ್ದರಿಂದಲೇ ಒಪ್ಪಲಾಗದು.

ಒಂದು ವಿಷಯದಲ್ಲಿ ಮಾತ್ರ ಕೊರಿಯನ್ನರ ಅನುಭವ ಕನ್ನಡಕ್ಕೆ ನೇರವಾಗಿ ಸಲ್ಲುತ್ತದೆ. ಹಂಗುಲ್ ಗುಚ್ಛವನ್ನು ಒಂದೇ ಸಂಕೇತವಾಗಿಯೂ ಬಿಡಿ ವ್ಯಂಜನ ಸ್ವರಗಳಾಗಿಯೂ ಬರೆದಿಡಬಹುದಾದ್ದರಿಂದ, ಮ್ಯಾಕ್ ಗಣಕದಿಂದ ವಿಂಡೋಸ್‌ಗೆ ಬಂದ ಕೊರಿಯನ್ ಕಡತದ ಹೆಸರು ಚೂರುಚೂರಾಗಿ ಕಾಣುವುದು ಅಲ್ಲಿ ಎಲ್ಲರಿಗೂ ಪರಿಚಿತವಾದ ತೊಡಕು. ಕನ್ನಡದ ಓಕಾರಕ್ಕೂ ಇಂಥದೇ ಇಬ್ಬಗೆಯಿದೆ: ಯೂನಿಕೋಡ್ ಅದನ್ನು ಒಂದು ಸಂಕೇತವಾಗಿಯೂ, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳೆಂಬ ಮೂರು ಸಂಕೇತಗಳಾಗಿಯೂ ಒಪ್ಪುತ್ತದೆ. 5 ಸಂಕೇತಗಳ ‘ಕೋಲಾರ’ವೂ 7 ಸಂಕೇತಗಳ ‘ಕೋಲಾರ’ವೂ ಮಾನದಂಡದ ಪ್ರಕಾರ ಒಂದೇ ಪದ, ಆದರೆ ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಸಂಪಾದಕದಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ.