ಮಂದ್ರವಾದಕರ ತೇಜಸ್ಸು: ಆಧುನಿಕ ಬ್ಯಾಂಡುಗಳ ವಿಷಯದಲ್ಲಿ ಒಂದು ವಿಚಾರ

ಪಾಶ್ಚಾತ್ಯ ಲೋಕಪ್ರಿಯ ಸಂಗೀತದಲ್ಲಿ ಬ್ಯಾಂಡು ಎಂದು ಹೆಸರಾದ ಸಣ್ಣ ವಾದ್ಯಗೋಷ್ಠಿಯು ಸಾಮಾನ್ಯವಾಗಿ ನಾಲ್ಕು ಅಂಗಗಳಿಂದ ಕೂಡಿರುವುದು: ಗಾಯನ, ಗಿಟಾರು, ಡ್ರಮ್ಮುಗಳು ಮತ್ತು ಬೇಸ್ ಗಿಟಾರು. ಇವುಗಳಲ್ಲಿ ಕಡೆಯದು ಮಂದ್ರಸ್ಥಾಯಿಯಲ್ಲಿ ಸಂಚರಿಸುವ ತಂತೀವಾದ್ಯವಾದುದರಿಂದ ಅದನ್ನು ಮಂದ್ರವಾದ್ಯವೆಂತಲೂ ಅದನ್ನು ನುಡಿಸುವವನನ್ನು ಮಂದ್ರವಾದಕನೆಂತಲೂ ಇಲ್ಲಿ ವ್ಯವಹರಿಸಲಾಗಿದೆ. ಈ ವಾದಕರ ವಿಷಯವಾಗಿ ರಸಿಕರ ನಡುವೆ ಒಂದು ಆಕ್ಷೇಪವು ಕೇಳಿಬರುತ್ತಿರುವುದು. ಹಿಂದಿನ ಬ್ಯಾಂಡುಗಳಲ್ಲಿ ಕೇಳುವವರಿಗೆ ಸ್ಫೂರ್ತಿಯನ್ನೀಯುವ, ರಂಗದ ಮೇಲೆ ತೇಜಸ್ಸಿನಿಂದ ಬೆಳಗುವ ಮಂದ್ರವಾದಕರು ಇದ್ದರು. ಈಗಿನ ಬ್ಯಾಂಡುಗಳಿಂದ ಅಂತಹವರು ಹುಟ್ಟುತ್ತಿಲ್ಲವೆಂಬುದೇ ಆ ಆಕ್ಷೇಪವು. ಇದು ಸಾಧುವೋ ಅಲ್ಲವೋ ಎಂಬುದು ವಿಚಾರಣೀಯವಾಗಿದೆ. ವಿಷಯವು ಒಂದು ವಾದ್ಯಕ್ಕೆ ಮಾತ್ರ ಸಂಬಂಧಿಸಿದುದೆಂದು ಭಾವಿಸಕೂಡದು. ಅಂಗಿಯಲ್ಲದ ಅಂಗವನ್ನು ಹೇಗೆ ಕೇಳಬೇಕು, ಸಮಕಾಲೀನರನ್ನು ಯಾವ ಮಾನದಿಂದ ಅಳೆಯಬೇಕು ಎಂಬ ಎರಡು ಪ್ರಶ್ನೆಗಳು ಇದರಲ್ಲಿ ಅಡಗಿರುವುವು. ಸಾಹಿತ್ಯವಿಮರ್ಶೆಗೂ ಇವು ಸಮಾನವಾದುವೇ.

ಮೊದಲು ವಾದ್ಯದ ಲಕ್ಷಣವನ್ನು ತಿಳಿಯಬೇಕು. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿರುವನಷ್ಟೆ. ಬೇಸ್ ಗಿಟಾರು ಆಕಾರದಿಂದ ತತವರ್ಗಕ್ಕೆ ಸೇರತಕ್ಕುದು. ಆದರೆ ಅದರ ಕಾರ್ಯದಲ್ಲಿ ಅರ್ಧಭಾಗವು ಅವನದ್ಧದ್ದಾಗಿರುವುದು. ಡ್ರಮ್ಮಿನ ತಾಳಕ್ಕೂ ಗಿಟಾರಿನ ಸ್ವರಸಮೂಹಕ್ಕೂ ನಡುವೆ ನಿಂತು, ತಾಳವನ್ನು ಸ್ವರವಾಗಿಯೂ ಸ್ವರವನ್ನು ತಾಳವಾಗಿಯೂ ಕೇಳಿಸುವುದೇ ಅದರ ಧರ್ಮ. ಕರ್ಣಾಟಕ ಸಂಗೀತದ ಕಚೇರಿಯಲ್ಲಿ ತಂಬೂರಿಯು ಆಧಾರಶ್ರುತಿಯನ್ನು ಅಚಲವಾಗಿ ಹಿಡಿದಿರುವುದು. ಪಾಶ್ಚಾತ್ಯ ಗೋಷ್ಠಿಯಲ್ಲಾದರೋ ಆಧಾರವೇ ಚಲಿಸುವುದು; ಮೇಲಿನ ಸ್ವರಗಳು ಹಾಗೆಯೇ ಇದ್ದರೂ ಕೆಳಗಿನ ಸ್ವರವು ಬದಲಾದೊಡನೆ ಒಟ್ಟಿನ ಭಾವವು ಬದಲಾಗುವುದು. ಆದಕಾರಣ ಮಂದ್ರವಾದಕನು ಕೇವಲ ಅನುಚರನಲ್ಲ. ಅವನ ಒಂದು ಹೆಜ್ಜೆಯಿಂದ ಉಳಿದವರೆಲ್ಲರ ಅರ್ಥವು ವ್ಯತ್ಯಾಸ ಹೊಂದುವುದು.

ಈ ವಾದ್ಯದ ಚರಿತ್ರೆಯು ದೀರ್ಘವಾದುದಲ್ಲ. ಪೂರ್ವದಲ್ಲಿ ಆಳೆತ್ತರದ ಡಬಲ್ ಬೇಸ್ ಎಂಬ ಪಿಟೀಲಿನ ಜಾತಿಯ ವಾದ್ಯವು ಈ ಕೆಲಸವನ್ನು ಮಾಡುತ್ತಿದ್ದಿತು. ಅದನ್ನು ನೆಲದ ಮೇಲೆ ನಿಲ್ಲಿಸಿಕೊಂಡು ನುಡಿಸಬೇಕಾದುದರಿಂದ ವಾದಕನು ನಿಂತ ಸ್ಥಳವನ್ನು ಬಿಟ್ಟು ಕದಲುವಂತಿರಲಿಲ್ಲ; ಡ್ರಮ್ಮುಗಳ ಘೋಷದಲ್ಲಿ ಅದರ ದನಿಯೂ ಅಡಗಿಹೋಗುತ್ತಿದ್ದಿತು. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಲಿಯೊ ಫೆಂಡರ್ ಎಂಬವನು ಪ್ರಿಸಿಷನ್ ಬೇಸ್ ಎಂಬ ವಿದ್ಯುದ್ವಾದ್ಯವನ್ನು ಮಾರಾಟಕ್ಕೆ ತಂದನು. ಅದಕ್ಕೆ ಮೆಟ್ಟಿಲುಗಳಿದ್ದುದರಿಂದ ಸ್ವರವು ತಪ್ಪದೆ ನಿಖರವಾಗಿ ಬೀಳುತ್ತಿದ್ದಿತು. ಹೆಸರಿನ ಅರ್ಥವೂ ಅದೇ. ಹೆಗಲಿಗೆ ಹಾಕಿಕೊಳ್ಳಬಹುದಾದುದರಿಂದ ವಾದಕನು ಮೊದಲ ಬಾರಿಗೆ ರಂಗದ ಮುಂಭಾಗಕ್ಕೆ ಬರಲು ಸ್ವತಂತ್ರನಾದನು. ಪ್ರಕೃತದಲ್ಲಿ ತೇಜಸ್ಸೆಂದು ಕರೆಯಲ್ಪಡುವ ಗುಣಕ್ಕೆ ವ್ಯಕ್ತಿಯ ಪ್ರತಿಭೆಯಂತೆಯೇ ವಾದ್ಯದ ರಚನೆಯೂ ಕಾರಣವಾಯಿತೆಂಬುದನ್ನು ಮರೆಯಕೂಡದು.

ಆಕ್ಷೇಪಿಸುವವರು ಉದಾಹರಿಸುವ ಪೂರ್ವಸೂರಿಗಳು ನಿಜವಾಗಿಯೂ ದೊಡ್ಡವರು. ಲಿವರ್‌ಪೂಲಿನ ಬೀಟಲ್ಸ್ ತಂಡದಲ್ಲಿ 1961ರಲ್ಲಿ ಸ್ಟೂಅರ್ಟ್ ಸಟ್‌ಕ್ಲಿಫನು ಬಿಟ್ಟುಹೋದಮೇಲೆ ಪಾಲ್ ಮೆಕಾರ್ಟ್ನಿಯು ಈ ವಾದ್ಯವನ್ನು ಕೈಗೆತ್ತಿಕೊಂಡನು. 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಸಂಪುಟದ ವೇಳೆಗೆ ಅವನು ಅನೇಕ ಗೀತಗಳಲ್ಲಿ ಉಳಿದ ವಾದ್ಯಗಳ ಮುದ್ರಣವು ಮುಗಿದಮೇಲೆ ಮಂದ್ರಪಂಕ್ತಿಯನ್ನು ಪ್ರತ್ಯೇಕವಾಗಿ ರಚಿಸಿ ಸೇರಿಸುತ್ತಿದ್ದನು. ಅದು ಪಕ್ಕವಾದ್ಯವಾಗಿ ಉಳಿಯದೆ ಎರಡನೆಯ ಗಾನವೇ ಆಯಿತು. ‘ದಿ ಹೂ’ ತಂಡದ ಜಾನ್ ಎಂಟ್ವಿಸಲನು 1965ರ ‘ಮೈ ಜನರೇಷನ್’ ಗೀತದಲ್ಲಿ ಮಂದ್ರವಾದ್ಯಕ್ಕೆ ಏಕವಾದನದ ಅವಕಾಶವನ್ನು ಗಳಿಸಿಕೊಟ್ಟನು. ಅವನ ಸಂಗಡಿಗರು ಗಿಟಾರುಗಳನ್ನು ಒಡೆದು, ಮೈಕನ್ನು ಗಿರಗಿರನೆ ತಿರುಗಿಸಿ ರಂಗವನ್ನು ರಣರಂಗವಾಗಿಸುತ್ತಿರಲು, ಅವನು ಮಾತ್ರ ಕಂಬದಂತೆ ನಿಂತು ಬೆರಳುಗಳನ್ನಷ್ಟೇ ಆಡಿಸುತ್ತಿದ್ದನು. ಇದಕ್ಕೆ ವಿರುದ್ಧವಾದ ಪ್ರಕೃತಿಯವನು 1975ರಲ್ಲಿ ಮೋಟರ್‌ಹೆಡ್ ತಂಡವನ್ನು ಕಟ್ಟಿ 2015ರಲ್ಲಿ ಮರಣಹೊಂದುವವರೆಗೂ ನಡೆಸಿದ ಲೆಮ್ಮಿ. ಎತ್ತರದಲ್ಲಿಟ್ಟ ಮೈಕಿನ ಕಡೆಗೆ ಕತ್ತೆತ್ತಿ ಹಾಡುತ್ತ, ಮಂದ್ರವಾದ್ಯದಲ್ಲಿ ಗಿಟಾರಿನಂತೆ ಸ್ವರಸಮೂಹಗಳನ್ನೇ ಬಾರಿಸುತ್ತಿದ್ದನು. ನಾಟ್ಯಶಾಸ್ತ್ರದ ನಾಯಕಲಕ್ಷಣಗಳು ಅಕ್ಷರಶಃ ಹೊಂದದಿದ್ದರೂ, ಮೊದಲನೆಯವನನ್ನು ಧೀರಲಲಿತನೆಂದೂ ಎರಡನೆಯವನನ್ನು ಧೀರಶಾಂತನೆಂದೂ ಮೂರನೆಯವನನ್ನು ಧೀರೋದ್ಧತನೆಂದೂ ಕರೆಯಲು ಅಡ್ಡಿಯಿಲ್ಲ. ತೇಜಸ್ಸು ಒಂದೇ ವಿಧವಾದುದಲ್ಲವೆಂಬುದು ಇದರಿಂದ ಸಿದ್ಧವಾಗುವುದು.

ಇನ್ನು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಬೇಕು. ಮೊದಲನೆಯ ಹೇತು: ಮಂದ್ರವಾದಕನೇ ಇಲ್ಲದ ಬ್ಯಾಂಡುಗಳು ಹುಟ್ಟಿಕೊಂಡಿವೆ. 1997ರಿಂದ 2011ರವರೆಗೆ ಇದ್ದ ಡೆಟ್ರಾಯಿಟ್ ನಗರದ ವೈಟ್ ಸ್ಟ್ರೈಪ್ಸ್ ತಂಡದಲ್ಲಿ ಇದ್ದವರು ಗಿಟಾರಿನವನೊಬ್ಬ, ಡ್ರಮ್ಮಿನವಳೊಬ್ಬಳು. 2003ರ ಅವರ ‘ಸೆವೆನ್ ನೇಷನ್ ಆರ್ಮಿ’ ಗೀತದ ಮಂದ್ರಪಂಕ್ತಿಯನ್ನು ಇಂದು ಕಾಲ್ಚೆಂಡಿನ ಮೈದಾನಗಳಲ್ಲಿ ಸಾವಿರಾರು ಜನರು ಏಕಕಂಠದಿಂದ ಹಾಡುವರು. ಆದರೆ ಅದು ಬೇಸ್ ಗಿಟಾರಿನದೇ ಅಲ್ಲ, ಯಂತ್ರದಿಂದ ಒಂದು ಸ್ಥಾಯಿ ಕೆಳಗಿಳಿಸಿದ ಸಾಮಾನ್ಯ ಗಿಟಾರಿನದು. ಎರಡನೆಯ ಹೇತು: ಯಂತ್ರವು ಮನುಷ್ಯನ ಸ್ಥಾನವನ್ನು ಆಕ್ರಮಿಸಿದೆ. 1981ರಲ್ಲಿ ಜಪಾನಿನ ರೋಲೆಂಡ್ ಸಂಸ್ಥೆಯು ಹೊರತಂದ ಟಿಬಿ-303 ಎಂಬ ಪೆಟ್ಟಿಗೆಯು ಬೇಸ್ ಗಿಟಾರಿನವನಿಗೆ ಬದಲಾಗಿ ನುಡಿಯಲೆಂದೇ ನಿರ್ಮಿತವಾದುದು. ಈಗ ಗಣಕಯಂತ್ರವು ಆ ಕೆಲಸವನ್ನು ಇನ್ನೂ ಸುಲಭವಾಗಿ ಮಾಡುವುದು. ಮೂರನೆಯ ಹೇತು: ಕೇಳುವ ಸಾಧನಗಳು ಬದಲಾಗಿವೆ. ಬೇಸ್ ಗಿಟಾರಿನ ಅತ್ಯಂತ ದಪ್ಪವಾದ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುವುದು. ಮೊಬೈಲ್ ಫೋನಿನ ಕಿರಿಯ ಧ್ವನಿವರ್ಧಕವು ಇಷ್ಟು ಮಂದವಾದ ಕಂಪನವನ್ನು ಹೊರಡಿಸಲು ಅಸಮರ್ಥ. ಅದರ ಮೇಲಿನ ಅನುರಣನಗಳನ್ನು ಮಾತ್ರ ಕೇಳಿ ಕಿವಿಯು ಮೂಲಸ್ವರವನ್ನು ಊಹಿಸಿಕೊಳ್ಳುವುದು. ವಾಚ್ಯವಲ್ಲದ ಅರ್ಥವು ವ್ಯಂಜನೆಯಿಂದ ತೋರುವಂತೆ ಸ್ವರವೇನೋ ತೋರುವುದು. ಆದರೆ ಎದೆಗೆ ತಟ್ಟುವ ಅದರ ಭಾರವು ತೋರದು. ಇಂತಹ ಕೇಳ್ವಿಯಿಂದ ಯಾವ ತರುಣನು ಮಂದ್ರವಾದಕನಾಗಲು ಹಂಬಲಿಸುವನು? ಇದು ಪೂರ್ವಪಕ್ಷವು.

ಈ ಹೇತುಗಳನ್ನು ಪರೀಕ್ಷಿಸಿದರೆ ಮೊದಲನೆಯದು ವ್ಯಭಿಚಾರಿಯೆಂದು ತಿಳಿದುಬರುವುದು. ಮಂದ್ರವಾದಕನ ಅಭಾವವು ಇಂದಿನ ದೋಷವಲ್ಲ. ಸುವರ್ಣಯುಗವೆಂದು ಕೊಂಡಾಡಲ್ಪಡುವ 1960ರ ದಶಕದಲ್ಲಿಯೇ ‘ದಿ ಡೋರ್ಸ್’ ತಂಡವು ರಂಗದ ಮೇಲೆ ಅವನಿಲ್ಲದೆ ನಡೆದುಕೊಂಡಿತು. ರೇ ಮನ್ಜಾರೆಕನು ಕೀಲಿಮಣೆಯ ಮೇಲೆ ಎಡಗೈಯಿಂದ ಮಂದ್ರಪಂಕ್ತಿಯನ್ನು ನುಡಿಸುತ್ತಿದ್ದನು. ಪ್ರಿನ್ಸ್ ಎಂಬ ಗಾಯಕನು 1984ರ ‘ವೆನ್ ಡವ್ಸ್ ಕ್ರೈ’ ಗೀತದಿಂದ ಮಂದ್ರಪಂಕ್ತಿಯನ್ನೇ ತೆಗೆದುಹಾಕಿ ಅಮೆರಿಕದಲ್ಲಿ ಪ್ರಥಮಸ್ಥಾನವನ್ನು ಪಡೆದನು. ಮೆಟಾಲಿಕ ತಂಡವು ಕ್ಲಿಫ್ ಬರ್ಟನ್ನನಂತಹ ವಾದಕನನ್ನು 1986ರ ಅಪಘಾತದಲ್ಲಿ ಕಳೆದುಕೊಂಡಮೇಲೆ, 1988ರ ಸಂಪುಟದಲ್ಲಿ ಅವನ ಸ್ಥಾನಕ್ಕೆ ಬಂದ ಜೇಸನ್ ನ್ಯೂಸ್ಟೆಡ್ಡನ ವಾದನವನ್ನು ಕೇಳಿಸದಷ್ಟು ತಗ್ಗಿಸಿಬಿಟ್ಟಿತು. ಪ್ರತಿಯಾಗಿ, ಇಂದಿನ ಕಾಲದಲ್ಲಿ ಗಿಟಾರಿನವನನ್ನೇ ಬಿಟ್ಟು ಮಂದ್ರವಾದಕನಿಂದಲೇ ನಡೆಯುವ ಬ್ಯಾಂಡುಗಳಿವೆ: ಇಂಗ್ಲೆಂಡಿನ ರಾಯಲ್ ಬ್ಲಡ್ ತಂಡದಲ್ಲಿ ಮೈಕ್ ಕೆರ್ ಎಂಬವನು ಹಾಡುತ್ತ ಬೇಸ್ ಗಿಟಾರನ್ನು ನುಡಿಸುವನು, ಬೆನ್ ಥ್ಯಾಚರನು ಡ್ರಮ್ಮನ್ನು ಬಾರಿಸುವನು; ಮೂರನೆಯವನಿಲ್ಲ. 2014ರ ಅವರ ಮೊದಲ ಸಂಪುಟವು ಆ ದೇಶದ ಮಾರಾಟದ ಪಟ್ಟಿಯಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಎರಡನೆಯ ಹೇತುವೂ ನಿಲ್ಲದು. ಟಿಬಿ-303 ಯಂತ್ರವು ಮನುಷ್ಯನನ್ನು ಅನುಕರಿಸುವುದರಲ್ಲಿ ಸೋತು 1984ರಲ್ಲಿ ತಯಾರಿಕೆಯಿಂದ ನಿಂತುಹೋಯಿತು. ಬಳಿಕ ಶಿಕಾಗೊ ನಗರದ ಯುವಕರ ಕೈಗೆ ಸಿಕ್ಕಿ ತನ್ನದೇ ಆದ ವಿಲಕ್ಷಣ ನಾದದಿಂದ ನೃತ್ಯಸಂಗೀತದ ಬೇರೊಂದು ಪ್ರಭೇದಕ್ಕೆ ಕಾರಣವಾಯಿತು. ಅದರಿಂದ ಒಂದು ಹೊಸ ವಾದ್ಯವು ಲಭಿಸಿತೇ ಹೊರತು ಹಳೆಯ ವಾದಕನು ನಾಶವಾಗಲಿಲ್ಲ.

ಆದರೆ ಪೂರ್ವಪಕ್ಷದ ಮೂಲದೋಷವು ಇನ್ನೊಂದಿದೆ. ತೇಜಸ್ಸು ಇದ್ದರೆ ಅದು ಆಗಲೇ ಎಲ್ಲರಿಗೂ ಕಾಣುವುದೆಂಬ ನಂಬಿಕೆಯೇ ಅದು. ಇದನ್ನು ಖಂಡಿಸಲು ಜೇಮ್ಸ್ ಜೇಮರ್ಸನ್ನನೊಬ್ಬನ ಚರಿತ್ರೆಯು ಸಾಕು. 1936ರಲ್ಲಿ ದಕ್ಷಿಣ ಕ್ಯಾರೊಲಿನ ಪ್ರಾಂತದಲ್ಲಿ ಹುಟ್ಟಿ ಡೆಟ್ರಾಯಿಟಿಗೆ ಬಂದ ಈತನು ಮೋಟೌನ್ ಸಂಸ್ಥೆಯ ಮುದ್ರಣಶಾಲೆಯಲ್ಲಿ 1960ರ ದಶಕದುದ್ದಕ್ಕೂ ನುಡಿಸಿದನು. 1964ರ ‘ಮೈ ಗರ್ಲ್’ ಗೀತದ ಆರಂಭದಲ್ಲಿ ಕೇಳಿಬರುವ ಮಂದ್ರಸ್ವರಗಳು ಇವನವು. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದನು. ಈತನ ವಾದನವನ್ನು ಕೋಟ್ಯಂತರ ಜನರು ಕೇಳಿದರು, ಕುಣಿದರು. ಹೆಸರನ್ನು ಮಾತ್ರ ಅರಿಯದಾದರು. ಸಂಸ್ಥೆಯ ಮುದ್ರಿಕೆಗಳಲ್ಲಿ ವಾದಕರ ಹೆಸರುಗಳನ್ನು ಅಚ್ಚುಮಾಡುವ ಪದ್ಧತಿ ಇರಲಿಲ್ಲ. 1971ರ ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಸಂಪುಟದ ಮೇಲೆ ಜೇಮರ್ಸನ್ನನ ಹೆಸರು ಅಚ್ಚಾಯಿತು. 1983ರಲ್ಲಿ ಅವನು ತೀರಿಕೊಂಡನು. ಅವನನ್ನು ಕುರಿತ ಗ್ರಂಥವು 1989ರಲ್ಲಿ ಹೊರಟಿತು. ರಾಕ್ ಸಂಗೀತದ ಕೀರ್ತಿಭವನಕ್ಕೆ ಅವನು ಸೇರಿಸಲ್ಪಟ್ಟುದು 2000ದಲ್ಲಿ. ಅವನೂ ಅವನ ಸಂಗಡಿಗರೂ ವಿಷಯವಾದ ಚಲಚ್ಚಿತ್ರವು ಬಂದುದು 2002ರಲ್ಲಿ. ಸ್ಫೂರ್ತಿದಾಯಕರಲ್ಲಿ ಅಗ್ರಗಣ್ಯನೆಂದು ಇಂದು ಎಲ್ಲರೂ ಒಪ್ಪುವ ವಾದಕನು ತನ್ನ ಕಾಲದಲ್ಲಿ ರಂಗದ ತೇಜಸ್ವಿಯಾಗಿರಲೇ ಇಲ್ಲ. ಹೀಗಿರಲು, 1966ರಲ್ಲಿ ಒಬ್ಬ ವಿಮರ್ಶಕನು ಅಮೆರಿಕದಲ್ಲಿ ಉತ್ತಮ ಮಂದ್ರವಾದಕರಿಲ್ಲವೆಂದು ಬರೆದಿದ್ದರೆ ಅವನ ಕಾಲದವರು ಅದನ್ನು ನಂಬುತ್ತಿದ್ದರು. ಆದರೂ ಆ ಮಾತು ಸುಳ್ಳಾಗಿರುತ್ತಿದ್ದಿತು.

ಇಂದಿನ ವಾದಕರ ಕಡೆಗೆ ತಿರುಗಿದರೆ ಸಾಕ್ಷ್ಯಗಳಿಗೆ ಕೊರತೆಯಿಲ್ಲ. ಮಿಷಿಗನ್ ಪ್ರಾಂತದಲ್ಲಿ 2011ರಲ್ಲಿ ಹುಟ್ಟಿದ ವುಲ್ಫ್‌ಪೆಕ್ ತಂಡದ ಜೋ ಡಾರ್ಟನು ಮುಖ್ಯಗಾಯಕನಲ್ಲ. ಆದರೂ 2019ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಮಹಾಸಭಾಂಗಣದಲ್ಲಿ ಕಿಕ್ಕಿರಿದ ಶ್ರೋತೃಗಳು ‘ಡೀನ್ ಟೌನ್’ ಎಂಬ ಮಾತಿಲ್ಲದ ಕೃತಿಯಲ್ಲಿ ಅವನ ಮಂದ್ರಪಂಕ್ತಿಯನ್ನೇ ಬಾಯಿಪಾಠವಾಗಿ ಹಾಡಿದರು. ರೋಮಿನ ಮೋನೆಸ್ಕಿನ್ ತಂಡವು 2021ರ ಯೂರೋವಿಷನ್ ಸ್ಪರ್ಧೆಯಲ್ಲಿ ಗೆದ್ದಾಗ ವಿಕ್ಟೋರಿಯಾ ದೆ ಆಂಜೆಲಿಸಳು ಗಾಯಕನಿಗೆ ಸರಿಸಮನಾಗಿ ರಂಗವನ್ನು ತುಂಬಿದ್ದಳು. ಇವರಿಬ್ಬರೂ ಬ್ಯಾಂಡಿನಿಂದಲೇ ಬೆಳಗಿದವರು.

ಆದರೂ ಪೂರ್ವಪಕ್ಷದಲ್ಲಿ ಒಂದಂಶವು ನಿಜವೆಂದು ಒಪ್ಪಿಕೊಳ್ಳಬೇಕು. ಈ ತಲೆಮಾರಿನ ಅತಿಶಯವಾದ ಪ್ರತಿಭೆಗಳಲ್ಲಿ ಕೆಲವು ಬ್ಯಾಂಡಿನ ಆಶ್ರಯವನ್ನು ಬಿಟ್ಟು ಬೆಳೆದಿವೆ. ಥಂಡರ್‌ಕ್ಯಾಟ್ ಎಂಬ ಹೆಸರಿನ ಸ್ಟೀಫನ್ ಬ್ರೂನರನು ಲಾಸ್ ಏಂಜಲೀಸಿನ ಸೂಯಿಸೈಡಲ್ ಟೆಂಡೆನ್ಸೀಸ್ ತಂಡದಲ್ಲಿ ನುಡಿಸಿ, ಅಲ್ಲಿಂದ ಹೊರಬಿದ್ದಮೇಲೆ ಕೆಂಡ್ರಿಕ್ ಲಮಾರನ 2015ರ ಸಂಪುಟಕ್ಕೆ ಬಲವನ್ನಿತ್ತು, ಸ್ವಂತ ಹೆಸರಿನಿಂದಲೇ ಖ್ಯಾತನಾದನು. ಅವನ ಸಂಪುಟಕ್ಕೆ 2021ರಲ್ಲಿ ಗ್ರ್ಯಾಮಿ ಪ್ರಶಸ್ತಿಯು ದೊರೆಯಿತು. ಎಸ್ಪೆರಾಂಜಾ ಸ್ಪಾಲ್ಡಿಂಗಳು 2011ರಲ್ಲಿ ಉತ್ತಮ ನೂತನ ಕಲಾವಿದರ ಗ್ರ್ಯಾಮಿಯನ್ನು ಪಡೆದುದು ಡಬಲ್ ಬೇಸನ್ನು ನುಡಿಸುತ್ತ ತಾನೇ ಹಾಡುವ ಏಕವ್ಯಕ್ತಿಯಾಗಿ. ಭಾರತದಲ್ಲಿಯೂ ಮುಂಬಯಿಯ ಮೋಹಿನಿ ದೇಯು ಎ. ಆರ್. ರೆಹಮಾನನ ವಾದ್ಯವೃಂದದಲ್ಲಿ ನುಡಿಸಿ ಹೆಸರುಪಡೆದು, 2023ರಲ್ಲಿ ತನ್ನ ಹೆಸರಿನ ಸಂಪುಟವನ್ನು ಹೊರತಂದಿರುವಳು. ಕವಿಗೆ ರಾಜಾಸ್ಥಾನವು ತಪ್ಪಿ ಅಚ್ಚಿನ ಮನೆಯು ದೊರೆತಾಗ ಕಾವ್ಯವು ನಿಲ್ಲಲಿಲ್ಲ. ಆದರೆ ಕಾವ್ಯದ ಧರ್ಮವು ಬೇರೆಯಾಯಿತು. ಹಾಗೆಯೇ ಇಲ್ಲಿಯೂ ನಷ್ಟವೇ ಇಲ್ಲವೆನ್ನಲಾಗದು. ನಾಲ್ವರು ಹತ್ತಾರು ವರ್ಷ ಒಂದೇ ಕೋಣೆಯಲ್ಲಿ ನುಡಿಸಿ ಪಡೆಯುವ ಹೊಂದಾಣಿಕೆಯು ಏಕಾಕಿಯಾದ ಪ್ರವೀಣನಿಗೆ ದುರ್ಲಭ. ಪರರ ನಡುವೆ ನಿಂತು ಅವರನ್ನು ಹೊತ್ತು ನಡೆಯುವುದೇ ಮಂದ್ರವಾದ್ಯದ ಸ್ವಧರ್ಮವಾದುದರಿಂದ, ಅಂಗವು ತಾನೇ ಅಂಗಿಯಾದಾಗ ಕೌಶಲವು ಹೆಚ್ಚಬಹುದು, ಔಚಿತ್ಯವು ಕುಗ್ಗಬಹುದು.

ಆದ್ದರಿಂದ ಸಿದ್ಧಾಂತವು ಹೀಗೆ: ಸ್ಫೂರ್ತಿದಾಯಕರಾದ ಮಂದ್ರವಾದಕರು ಇಂದೂ ಹುಟ್ಟುತ್ತಿರುವರು, ಬ್ಯಾಂಡುಗಳಿಂದಲೂ ಹುಟ್ಟುತ್ತಿರುವರು. ಕ್ಷೀಣಿಸಿರುವುದು ಪ್ರತಿಭೆಯಲ್ಲ, ಅದಕ್ಕೆ ಆಶ್ರಯವಾಗಿದ್ದ ಗೋಷ್ಠೀಜೀವನವೂ, ಅದನ್ನು ಗ್ರಹಿಸತಕ್ಕ ಕಿವಿಯೂ. ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ, ಭಾಸ, ಸೌಮಿಲ್ಲ, ಕವಿಪುತ್ರರಂತಹ ಪ್ರಸಿದ್ಧರನ್ನು ಬಿಟ್ಟು ಈಗಿನ ಕವಿಯ ಕೃತಿಯನ್ನು ಆಡುವುದೇಕೆಂಬ ಪ್ರಶ್ನೆಗೆ ಕಾಳಿದಾಸನೇ ಉತ್ತರ ಹೇಳಬೇಕಾಗಿ ಬಂದಿತು. ಅಂದಿನ ಸಭೆಯು ಅವನನ್ನು ಹೆಸರಿನಿಂದ ಅಳೆದಿದ್ದರೆ ನಷ್ಟವು ಸಭೆಗೇ ಆಗುತ್ತಿದ್ದಿತು. ಮೇಲಿನ ಸ್ವರವು ತಾನಾಗಿಯೇ ಕಿವಿಗೆ ಬೀಳುವುದು. ಕೆಳಗಿನ ಸ್ವರವನ್ನು ಹುಡುಕಿ ಕೇಳಬೇಕು. ಹಾಗೆ ಕೇಳಿ, ಆ ಸ್ವರದ ಹಿಂದಿರುವವನ ಹೆಸರನ್ನು ಅವನು ಬದುಕಿರುವಾಗಲೇ ಉಚ್ಚರಿಸುವುದು ವಿಮರ್ಶಕನ ಕರ್ತವ್ಯವಾಗಿದೆ. ಜೇಮರ್ಸನ್ನನ ವಿಷಯದಲ್ಲಿ ಅದು ನಡೆಯಲಿಲ್ಲ.