‘ಫಾರೆವರ್’: ಅವಧಿಯೋ, ಪ್ರತಿಜ್ಞೆಯೋ?

‘ಐ ವಿಲ್ ಲವ್ ಯೂ ಫಾರೆವರ್’ ಎಂಬ ವಾಕ್ಯದ ವಿರುದ್ಧ ಆಗಾಗ ಕೇಳಿಬರುವ ಆಕ್ಷೇಪ ಸರಳವಾದುದು: ಮರ್ತ್ಯನಾದವನು ಅನಂತಕಾಲದ ಮಾತನ್ನು ಆಡಲಾರನು, ಆದ್ದರಿಂದ ಈ ಪ್ರಯೋಗ ಅತಿಶಯೋಕ್ತಿ, ಇಲ್ಲವೇ ತಪ್ಪು. ಈ ಆಕ್ಷೇಪವು ಪದವನ್ನು ನಿಘಂಟಿನಲ್ಲಿ ನೋಡುತ್ತದೆಯೇ ಹೊರತು ವಾಕ್ಯದಲ್ಲಿ ನೋಡುವುದಿಲ್ಲ.

‘ಐ ಹ್ಯಾವ್ ಆಲ್ವೇಸ್ ಲವ್ಡ್ ಯೂ’ ಸಹಜವಾದ ಮಾತು. ಅಲ್ಲಿ ‘ಫಾರೆವರ್’ ಇಟ್ಟರೆ ವಾಕ್ಯ ಕುಂಟುತ್ತದೆ. ‘ಆಲ್ವೇಸ್’ ಎಂಬುದು ‘ದಾರಿಯುದ್ದಕ್ಕೂ’ ಎಂಬರ್ಥದ ಹಳೆಯ ಇಂಗ್ಲಿಷ್ ಪದಪುಂಜದಿಂದ ಬಂದುದು; ಡೇವಿಡ್ ಲೂಯಿಸ್ 1975ರಲ್ಲಿ ವಿವರಿಸಿದಂತೆ ಅದು ಸಂದರ್ಭಗಳನ್ನೆಲ್ಲ ವ್ಯಾಪಿಸುವ ಪರಿಮಾಣವಾಚಿ. ‘ಫಾರೆವರ್’ ಒಂದು ಬಿಂದುವಿನಿಂದ ಮುಂದಕ್ಕೆ ಮಾತ್ರ ಚಾಚುತ್ತದೆ. ಎರಡಕ್ಕೂ ‘ಸದಾ’ ಎಂದು ಅರ್ಥ ಹೇಳಿ ಮುಗಿಸುವುದು ಸಲ್ಲದು. ಕನ್ನಡದಲ್ಲಿಯೇ ಈ ಭೇದವಿದೆ: ‘ಯಾವಾಗಲೂ’ ಸಂದರ್ಭಗಳನ್ನು ಒಟ್ಟಾಗಿ ಹಿಡಿದರೆ, ‘ಎಂದೆಂದಿಗೂ’ ತನ್ನೊಳಗಿನ ಚತುರ್ಥಿ ವಿಭಕ್ತಿಯ ಬಲದಿಂದ ಮುಂಬರುವ ಕಾಲಕ್ಕೆ ಮುಖಮಾಡುತ್ತದೆ.

ಆಕ್ಷೇಪದ ನಿಜವಾದ ಪರೀಕ್ಷೆ ಸಾವಿನ ಎದುರು ನಡೆಯುತ್ತದೆ. ಹೀಗೆ ಮಾತುಕೊಟ್ಟವನು ತೀರಿಕೊಂಡರೆ, ಅವನ ಹೆಂಡತಿಯ ಮುಂದೆ ‘ಅವನ ಮಾತು ಸುಳ್ಳಾಯಿತು’ ಎಂದು ಯಾರೂ ಅನ್ನುವುದಿಲ್ಲ. ಅವಳನ್ನು ಬಿಟ್ಟುಹೋದರೆ ಅನ್ನುತ್ತಾರೆ. ಅನಂತ ಅವಧಿಯೇ ಪದಾರ್ಥವಾಗಿದ್ದರೆ ಎರಡೂ ಕಡೆ ಮಾತು ಸಮಾನವಾಗಿ ಸುಳ್ಳಾಗಬೇಕಿತ್ತು. ಅರ್ಥವ್ಯಾಪ್ತಿ ಆಯುಷ್ಯಕ್ಕೆ ಸಂಕೋಚಗೊಂಡಿದೆ ಎಂದು ಸಮಾಧಾನ ಹೇಳಬಹುದು, ಅದೂ ನಿಲ್ಲುವುದಿಲ್ಲ. ‘ಫಾರೆವರ್’ ಎಂದ ಮೇಲೆ ‘ಅಂದರೆ, ನಾನು ಸಾಯುವವರೆಗೆ ಮಾತ್ರ’ ಎಂದು ಸೇರಿಸಿ ನೋಡಿ. ಸಂಕೋಚದ ವಾದ ಸರಿಯಾಗಿದ್ದರೆ ಈ ಸೇರ್ಪಡೆ ಬರಿಯ ಪುನರುಕ್ತಿಯಾಗಬೇಕು; ಆದರೆ ಅದು ಕೊಟ್ಟ ಮಾತನ್ನು ಹಿಂತೆಗೆದುಕೊಂಡಂತೆ ಕೇಳಿಸುತ್ತದೆ. ಹಾಗಾಗಿ ಇಲ್ಲಿ ‘ಫಾರೆವರ್’ ಕಾಲವನ್ನು ಅಳೆಯುತ್ತಿಲ್ಲ. ತನ್ನ ಕಡೆಯಿಂದ ಗಡಿ ಹಾಕುವುದಿಲ್ಲವೆಂದು ಮಾತುಕೊಡುತ್ತಿದೆ. 1549ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ವಿವಾಹವಚನ ಸಾವನ್ನೇ ಗಡಿಯಾಗಿ ಹೇಳುತ್ತದೆ, ನಿಜ. ಆದರೆ ಅದು ಸಾಕ್ಷಿಗಳೆದುರಿನ ಒಪ್ಪಂದ. ಒಪ್ಪಂದಕ್ಕೆ ಗಡಿ ಬೇಕು.

ತಿದ್ದುವವರು ಎಚ್ಚರಿಸಬೇಕಾದ ಸ್ಥಳ ಬೇರೆಯೇ ಇದೆ. ‘ಯೂ ಆಲ್ವೇಸ್ ಬ್ರಿಂಗ್ ಮೀ ಫ್ಲವರ್ಸ್’ ಎಂಬುದು ಮೆಚ್ಚುಗೆ. ‘ಯೂ ಆರ್ ಫಾರೆವರ್ ಬ್ರಿಂಗಿಂಗ್ ಮೀ ಫ್ಲವರ್ಸ್’ ಎಂದೊಡನೆ ಬೇಸರ, ಕನಿಷ್ಠಪಕ್ಷ ಹುಸಿಮುನಿಸು, ಇಣುಕುತ್ತದೆ. ಇಂಗ್ಲಿಷ್ ಕಲಿಯುತ್ತಿರುವವಳು ಮೆಚ್ಚಿಯೇ ಹೀಗೆ ಬರೆದಿರಬಹುದು. ಅದನ್ನು ಓದಿದವನು ಮರುವಾರ ಬರಿಗೈಯಲ್ಲಿ ಬಂದರೆ ಅವನ ವ್ಯಾಕರಣದಲ್ಲಿ ದೋಷವಿಲ್ಲ.